ಪೆಡಲ್ ಮೆತ್ತಗಿದ್ದರೆ ಗಾಡಿ ತೆಗೆಯಬೇಡ

ಪುಟ್ಟೀ, ಕಾರಿನ ಕೀಯನ್ನು ಮೊಳೆಗೆ ನೇತುಹಾಕಿ ಬಂದು ಆಮೇಲೆ ಇದನ್ನು ಓದು. ಮುಂದಕ್ಕೆ ಹೊಸ ಪ್ಯಾಡು, ಹಿಂದಕ್ಕೆ ಹೊಸ ಲೈನರು, ಸೋರುತ್ತಿದ್ದ ಒಂದು ವೀಲ್ ಸಿಲಿಂಡರ್ ಬದಲು. ಇಷ್ಟೆಲ್ಲ ಮಾಡಿಸಿಕೊಂಡು ಬಂದ ಮೇಲೆ ಬ್ರೇಕ್ ಪೆಡಲ್ ಮೊದಲಿಗಿಂತ ಮೆತ್ತಗಾಗಿದೆ, ಗ್ಯಾರೇಜಿನವರು ‘ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಮೇಡಂ’ ಅಂದುಬಿಟ್ಟರು ಅಂತ ಹೇಳಿದೆಯಲ್ಲ, ಆ ಮಾತಿನಲ್ಲಿ ನಾಲ್ಕಾಣೆಯಷ್ಟು ನಿಜ ಇದೆ. ಹೊಸ ಪ್ಯಾಡು ಡಿಸ್ಕಿನ ಮೈಗೆ ಸರಿಯಾಗಿ ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರು ಬೇಕು. ಅಲ್ಲಿಯವರೆಗೆ ಹಿಡಿತ ಒಂದು ಕೈ ಕಡಿಮೆ ಅನ್ನಿಸಬಹುದು. ಉಳಿದ ಹನ್ನೆರಡಾಣೆ ಗಿರಾಕಿಯನ್ನು ಸಾಗಹಾಕುವ ಮಾತು. ಹಿಡಿತ ಕಡಿಮೆ ಇರುವುದು ಬೇರೆ, ಪೆಡಲ್ ಮೆತ್ತಗಿರುವುದು ಬೇರೆ. ಪೈಪಿನೊಳಗೆ ಕೂತ ಗಾಳಿಯಾಗಲಿ, ಅಡ್ಜಸ್ಟ್ ಮಾಡದ ಲೈನರಾಗಲಿ ನಾಲ್ಕು ದಿನ ಓಡಿಸಿದ ಮಾತ್ರಕ್ಕೆ ಸರಿಹೋಗುತ್ತದೆಂದು ನಂಬಿ ರಸ್ತೆಗಿಳಿಯುವ ಹಾಗಿಲ್ಲ.

ನಿಮ್ಮಮ್ಮನಿಗೆ ಈ ವಿಷಯ ಹೇಳಬೇಡ, ರಾತ್ರಿಯಿಡೀ ನಿದ್ದೆ ಮಾಡಲಿಕ್ಕಿಲ್ಲ. ನೀನೂ ಹೆದರಬೇಕಾಗಿಲ್ಲ. ಕೆಲಸ ಆದ ಮೇಲೆ ಬಂದ ತೊಂದರೆಗೆ ಕಾರಣ ಹುಡುಕುವುದು ಸುಲಭ. ಕೊನೆಗೆ ಯಾವ ಜಾಗಕ್ಕೆ ಕೈ ಹಾಕಿದರೋ ಅಲ್ಲಿಂದ ಶುರುಮಾಡಿದರೆ ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ಸಿಗುತ್ತದೆ. ಇಷ್ಟು ವರ್ಷ ಗ್ಯಾರೇಜು ನಡೆಸಿ ನಾನು ನೋಡಿದ್ದೂ ಅದನ್ನೇ. ಆದರೆ ಬಹಳ ಜನ ಅಲ್ಲಿಂದ ಶುರುಮಾಡುವುದಿಲ್ಲ. ಪೆಡಲ್ ಮೆತ್ತಗಿದೆ ಅಂದ ಕೂಡಲೇ ‘ಮಾಸ್ಟರ್ ಸಿಲಿಂಡರ್ ಹೋಗಿದೆ’ ಅಂತ ಸಾವಿರಾರು ರೂಪಾಯಿಯ ಚೀಟಿ ಬರೆದು ಕೊಡುತ್ತಾರೆ. ನಿನ್ನೆವರೆಗೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್, ಹಿಂದಿನ ಚಕ್ರದ ಲೈನರ್ ಬದಲಿಸಿದ್ದಕ್ಕೆ ಯಾಕೆ ಕೆಡಬೇಕು? ಕೆಡುವುದಕ್ಕೂ ಒಂದು ದಾರಿ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅದರ ಸರದಿ ಕೊನೆಗೆ.

ಒಂದಿಷ್ಟು ಗಾಳಿಗೋ ಅಡ್ಜಸ್ಟ್ ಮಾಡದ ಲೈನರಿಗೋ ಪೆಡಲ್ ಇಷ್ಟೊಂದು ಯಾಕೆ ಇಳಿಯುತ್ತದೆ ಅಂತ ನಿನಗೆ ಅನ್ನಿಸಬಹುದು. ಲೆಕ್ಕ ಹಾಕು. 20 ಮಿಲಿಮೀಟರ್ ಅಗಲದ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ 30 ಮಿಲಿಮೀಟರ್ ಸರಿದರೂ ಮುಂದಕ್ಕೆ ಹೋಗುವ ಬ್ರೇಕ್ ಆಯಿಲ್ 10 ಮಿಲಿಲೀಟರಿಗಿಂತ ಕಡಿಮೆ. ಎರಡು ಟೀ ಚಮಚದಷ್ಟೂ ಇಲ್ಲ. ನಾಲ್ಕು ಚಕ್ರಗಳ ಪ್ಯಾಡು, ಲೈನರುಗಳನ್ನೆಲ್ಲ ತಳ್ಳಿ ಒಂದು ಟನ್ ಗಾಡಿಯನ್ನು ನಿಲ್ಲಿಸಬೇಕಾದ್ದು ಇಷ್ಟೇ ಆಯಿಲ್. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆ ಚಮಚದಷ್ಟರಲ್ಲಿ ಒಂದು ಪಾಲು ಗಾಳಿಯನ್ನು ಅದುಮುವುದಕ್ಕೇ ಖರ್ಚಾದರೆ ಚಕ್ರಕ್ಕೆ ಉಳಿಯುವುದೇನು? ಹಾಗೆಯೇ ಲೈನರು ಮತ್ತು ಡ್ರಮ್ಮಿನ ನಡುವಿನ ಸಂದು ಒಂದು ಮಿಲಿಮೀಟರ್ ಹೆಚ್ಚಾದರೂ ಅದನ್ನು ತುಂಬಿಸುವಷ್ಟರಲ್ಲಿ ಪೆಡಲ್ ಅರ್ಧ ಇಳಿದಿರುತ್ತದೆ.

ಈಗ ಗಾಡಿಯಲ್ಲಿ ಕೂತುಕೋ. ಇಂಜಿನ್ ಆಫ್ ಇರಲಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡು, ಬೂಸ್ಟರಿನಲ್ಲಿ ಉಳಿದಿರುವ ವ್ಯಾಕ್ಯೂಮ್ ಖಾಲಿಯಾಗಲಿ. ಬೂಸ್ಟರ್ ಸಹಾಯ ಮಾಡುತ್ತಿರುವಾಗ ಒಳ್ಳೆಯ ಬ್ರೇಕ್ ಕೂಡ ಸ್ವಲ್ಪ ಮೆತ್ತಗೇ ಅನ್ನಿಸುತ್ತದೆ, ಹಾಗಾಗಿ ಅದನ್ನು ಹೊರಗಿಟ್ಟು ನೋಡಬೇಕು. ಬೂಸ್ಟರ್ ಸರಿಯಿದೆಯೇ ಎಂದು ನೋಡುವುದೂ ಸುಲಭ. ಪೆಡಲ್ ಒತ್ತಿ ಹಿಡಿದುಕೊಂಡೇ ಇಂಜಿನ್ ಸ್ಟಾರ್ಟ್ ಮಾಡು. ಕಾಲಿನ ಕೆಳಗೆ ಪೆಡಲ್ ಒಂದಿಷ್ಟು ತಗ್ಗಿ ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಾಗುತ್ತದೆ, ಮೆತ್ತಗಾಗುವುದಿಲ್ಲ. ಆದ್ದರಿಂದ ನಿನ್ನ ದೂರಿಗೆ ಅದು ಉತ್ತರವಲ್ಲ.

ಇಂಜಿನ್ ಆಫ್ ಮಾಡಿ, ಮತ್ತೆ ನಾಲ್ಕೈದು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ, ಆಮೇಲೆ ನಿಧಾನವಾಗಿ ಒತ್ತು. ಶೂ ಕಳಚಿ ಬರಿಗಾಲಲ್ಲಿ ಒತ್ತಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಪೆಡಲ್ ಒಳಗೆ ಹೋಗುವುದರಲ್ಲಿ ಮೂರು ಥರ ಇದೆ. ಇವನ್ನು ಬೇರೆ ಬೇರೆ ಮಾಡದೆ ‘ಬ್ರೇಕ್ ಸರಿಯಿಲ್ಲ’ ಅಂತ ಹೇಳಿದರೆ ಯಾವ ಮೆಕ್ಯಾನಿಕ್ಕಿಗೂ ದಾರಿ ಸಿಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕೆಳಗಿಳಿದು ಆಮೇಲೆ ಗಟ್ಟಿಯಾಗಿ ನಿಲ್ಲುವುದು ಒಂದು. ಎಲ್ಲಿಯೂ ಗಟ್ಟಿ ನಿಲ್ಲದೆ, ಒತ್ತಿದಷ್ಟೂ ಒಳಗೆ ಹೋಗಿ ಬಿಟ್ಟರೆ ಪುಟಿಯುವುದು ಇನ್ನೊಂದು. ಮೊದಲು ಗಟ್ಟಿಯಾಗಿ ನಿಂತು, ಕಾಲನ್ನು ಹಾಗೇ ಇಟ್ಟರೆ ಮೆಲ್ಲಗೆ ನೆಲದ ಕಡೆ ಇಳಿಯುತ್ತಾ ಹೋಗುವುದು ಮೂರನೆಯದು.

ಕೆಳಗಿಳಿದು ಗಟ್ಟಿ ನಿಲ್ಲುವ ಪೆಡಲನ್ನು ಬೇಗಬೇಗ ಎರಡು ಸಲ ಒತ್ತಿ ನೋಡು. ಎರಡನೆಯ ಸಲಕ್ಕೆ ಮೇಲೆ ಬಂದು ಕಲ್ಲಿನಂತೆ ನಿಂತರೆ ಗಾಳಿಯ ಮೇಲೆ ಅನುಮಾನ ಬೇಡ. ಹಿಂದಿನ ಲೈನರ್ ಅಡ್ಜಸ್ಟ್ ಆಗಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದು ಆಮೇಲೆ ಪೆಡಲ್ ಒತ್ತು. ಹ್ಯಾಂಡ್ ಬ್ರೇಕ್ ಹಿಂದಿನ ಲೈನರನ್ನು ಡ್ರಮ್ಮಿನ ಹತ್ತಿರ ತಂದು ಹಿಡಿದಿರುತ್ತದೆ. ಹಾಗೆ ಒತ್ತಿದಾಗ ಪೆಡಲ್ ಎತ್ತರದಲ್ಲೇ ನಿಂತರೆ ರೋಗ ಸಿಕ್ಕಿತು. ಖರ್ಚಿಲ್ಲದ ಪರೀಕ್ಷೆ ಇದು, ಒಂದು ಪಾನಾ ಕೂಡ ಕೈಗೆತ್ತಿಕೊಳ್ಳಬೇಕಾಗಿಲ್ಲ.

ನಿನ್ನ ಕಾರಿನ ಹಿಂದಿನ ಡ್ರಮ್ಮಿನಲ್ಲಿ ಲೈನರ್ ತಾನೇ ಅಡ್ಜಸ್ಟ್ ಆಗುವ ವ್ಯವಸ್ಥೆ ಇದೆ ಎಂದು ಅವರು ಹೇಳಬಹುದು. ಇದೆ, ಸುಳ್ಳಲ್ಲ. ಆದರೆ ಅದು ಸವೆತವನ್ನು ಸ್ವಲ್ಪ ಸ್ವಲ್ಪವೇ ತುಂಬಿಸಿಕೊಂಡು ಬರಲು ಇರುವುದು. ಹೊಸ ಲೈನರ್ ಹಾಕಿದಾಗ ಡ್ರಮ್ ಒಳಗೆ ಕೂರಲಿ ಅಂತ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿರುತ್ತಾರೆ. ಆಮೇಲೆ ಅದನ್ನು ಮತ್ತೆ ಹೊರಗೆ ತಂದು, ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಲೈನರು ಡ್ರಮ್ಮಿಗೆ ತುಸುವೇ ಸವರಿ ಸದ್ದು ಬರುವ ಹಾಗೆ ಬಿಡಬೇಕು. ಸಂಜೆ ಗಾಡಿ ಕೊಡುವ ಅವಸರದಲ್ಲಿ ತಪ್ಪಿಹೋಗುವ ಕೆಲಸ ಇದೇ. ಇನ್ನೂ ಒಂದಿದೆ. ಕೆಲವು ಗಾಡಿಗಳಲ್ಲಿ ಎಡ ಚಕ್ರದ ಅಡ್ಜಸ್ಟರಿನ ಮರೆಯೇ ಬೇರೆ, ಬಲ ಚಕ್ರದ್ದೇ ಬೇರೆ. ಎರಡನ್ನೂ ಒಂದೇ ತಟ್ಟೆಯಲ್ಲಿ ತೊಳೆದು ಅದಲುಬದಲು ಹಾಕಿದರೆ, ಬ್ರೇಕ್ ಒತ್ತಿದಾಗೆಲ್ಲ ಲೈನರು ಡ್ರಮ್ಮಿನ ಹತ್ತಿರ ಬರುವ ಬದಲು ದೂರ ಹೋಗುತ್ತದೆ. ಒಂದು ಚಕ್ರ ಪೂರ್ತಿ ಜೋಡಿಸಿ ಮುಗಿಸುವ ತನಕ ಇನ್ನೊಂದನ್ನು ಬಿಚ್ಚಬಾರದು ಅಂತ ನಾನು ಹುಡುಗರಿಗೆ ಹೇಳುತ್ತಿದ್ದುದು ಇದಕ್ಕೇ. ಗೊಂದಲವಾದರೆ ನೋಡಿಕೊಳ್ಳಲು ಪಕ್ಕದಲ್ಲಿ ಮಾದರಿ ಇರುತ್ತದೆ.

ಎರಡನೆಯ ಥರದ್ದು, ಎಲ್ಲಿಯೂ ಗಟ್ಟಿ ನಿಲ್ಲದೆ ಪುಟಿಯುವ ಪೆಡಲ್. ಇದು ಗಾಳಿಯೇ. ಒತ್ತಿ ಒತ್ತಿ ಬಿಟ್ಟರೆ ಪೆಡಲ್ ಮೇಲೇನೋ ಬರುತ್ತದೆ, ಆದರೆ ಪುಟಿಯುವುದು ನಿಲ್ಲುವುದಿಲ್ಲ. ಲೈನರ್ ತೊಂದರೆಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಗಾಳಿ ಎಲ್ಲಿಂದ ಬಂದೀತು? ಮುಂದಿನ ಪ್ಯಾಡ್ ಬದಲಿಸಲು ಆಯಿಲ್ ಪೈಪನ್ನು ಬಿಚ್ಚುವ ಅಗತ್ಯವೇ ಇಲ್ಲ, ಹಾಗಾಗಿ ಮುಂದೆ ಗಾಳಿ ಸೇರಲು ಕಾರಣವಿಲ್ಲ. ಹಿಂದೆ ವೀಲ್ ಸಿಲಿಂಡರ್ ಬದಲಿಸಿದ್ದಾರೆ, ಅಲ್ಲಿ ಪೈಪ್ ಬಿಚ್ಚಲೇಬೇಕು. ಮೊದಲು ಆ ಚಕ್ರದ ಏರ್ ತೆಗೆಸು. ಪೈಪ್ ಬಿಚ್ಚಿಟ್ಟು ಊಟಕ್ಕೆ ಹೋಗಿ, ಮೇಲಿನ ಡಬ್ಬಿಯ ಆಯಿಲೆಲ್ಲ ತೊಟ್ಟಿಕ್ಕಿ ಖಾಲಿಯಾಗಿದ್ದರೆ ಮಾತ್ರ ಗಾಳಿ ಮಾಸ್ಟರ್ ಸಿಲಿಂಡರಿನವರೆಗೂ ಹೋಗಿರುತ್ತದೆ, ಆಗ ನಾಲ್ಕೂ ಚಕ್ರ ಮಾಡಬೇಕು. ನಮ್ಮ ಬಲಗಡೆ ಸ್ಟೇರಿಂಗಿನ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ ಸಾಮಾನ್ಯವಾಗಿ ಬಲಕ್ಕೇ ಇರುವುದರಿಂದ ಅತಿ ದೂರದ ಎಡ ಹಿಂಚಕ್ರದಿಂದ ಶುರುಮಾಡುವುದು ರೂಢಿ. ಗಾಡಿಯ ಸರ್ವಿಸ್ ಪುಸ್ತಕ ಬೇರೆ ಕ್ರಮ ಹೇಳಿದರೆ ಪುಸ್ತಕದ ಮಾತೇ ನಡೆಯಲಿ.

ಏರ್ ತೆಗೆಯುವ ಕೆಲಸ ನೋಡಲು ಸಸಾರ. ಪೆಡಲಿನ ಮೇಲೆ ಒಬ್ಬರು, ಚಕ್ರದ ಹತ್ತಿರ ಒಬ್ಬರು. ಮನೆಯಲ್ಲೇ ಮಾಡುವುದಾದರೆ ನಿನ್ನ ಗಂಡನನ್ನು ಪೆಡಲಿನ ಮೇಲೆ ಕೂರಿಸು, ಚಕ್ರದ ಹತ್ತಿರ ನೀನಿರು. ಏರ್ ಹೊರಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ‘ಒತ್ತು’ ಅಂದಾಗ ಅವನು ನಿಧಾನವಾಗಿ ಒತ್ತಿ ‘ಒತ್ತಿದೆ’ ಅನ್ನಬೇಕು. ನೀನು ನಿಪ್ಪಲ್ ಸಡಿಲಿಸಬೇಕು. ಆಯಿಲ್, ಗುಳ್ಳೆ ಹೊರಗೆ ಬಂದು ಪೆಡಲ್ ಕೆಳಗೆ ಹೋಗುತ್ತದೆ. ನೀನು ನಿಪ್ಪಲ್ ಬಿಗಿದು ‘ಬಿಡು’ ಅನ್ನುವ ತನಕ ಅವನು ಕಾಲು ಎತ್ತಲೇಬಾರದು. ಕೆಲಸ ಕೆಡುವುದು ಇಲ್ಲಿಯೇ. ಬಿಗಿಯುವ ಮೊದಲು ಕಾಲೆತ್ತಿದರೆ ಹೊರಗೆ ಹೋದ ಗಾಳಿ ಹಾಗೆಯೇ ಒಳಗೆ ಎಳೆದುಕೊಂಡು ಬರುತ್ತದೆ. ಅವನು ಫೋನು ನೋಡುತ್ತಾ ಕೂತಿದ್ದರೆ ನೀನು ಸಂಜೆಯವರೆಗೂ ಅಲ್ಲೇ ಇರಬೇಕಾಗುತ್ತದೆ. ಪಟಪಟ ಅಂತ ಪಂಪ್ ಮಾಡಿಸುವ ಅಭ್ಯಾಸವೂ ಒಳ್ಳೆಯದಲ್ಲ. ದೊಡ್ಡ ಗುಳ್ಳೆ ಒಡೆದು ನೊರೆಯಂಥ ಸಣ್ಣ ಗುಳ್ಳೆಗಳಾಗಿ ಆಯಿಲಿನಲ್ಲೇ ಉಳಿದುಬಿಡುತ್ತವೆ. ಐದಾರು ಸಲ ಒತ್ತಿದ ಮೇಲೆ ಮೇಲಿನ ಡಬ್ಬಿ ನೋಡು, ಖಾಲಿಯಾಗಲು ಬಿಡಬೇಡ. ಆಯಿಲ್ ಗಾಡಿಯ ಬಣ್ಣದ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ.

ಎಷ್ಟು ಏರ್ ತೆಗೆದರೂ ಪೆಡಲ್ ಗಟ್ಟಿಯಾಗದ ಗಾಡಿಯೊಂದು ಒಮ್ಮೆ ನನ್ನ ಗ್ಯಾರೇಜಿಗೆ ಬಂದಿತ್ತು. ಬೇರೆಲ್ಲೋ ಮುಂದಿನ ಎರಡೂ ಕ್ಯಾಲಿಪರ್ ಬಿಚ್ಚಿ ಕಿಟ್ ಹಾಕಿಸಿದ್ದರು. ಬಾಟಲಿಗಟ್ಟಲೆ ಆಯಿಲ್ ಸುರಿದಾಗಿತ್ತು, ಹೊಸ ಮಾಸ್ಟರ್ ಸಿಲಿಂಡರನ್ನೂ ಹಾಕಿಸಿಯಾಗಿತ್ತು. ನಿಪ್ಪಲ್ ಸಡಿಲಿಸಿದರೆ ಒಂದು ಗುಳ್ಳೆಯೂ ಇಲ್ಲದೆ ಶುದ್ಧ ಆಯಿಲ್ ಬರುತ್ತಿತ್ತು, ಆದರೂ ಪೆಡಲ್ ಪುಟಿಯುತ್ತಿತ್ತು. ಚಕ್ರ ಕಳಚಿ ಕೂತು ನೋಡಿದರೆ ನಿಪ್ಪಲ್ ಕ್ಯಾಲಿಪರಿನ ತಳದಲ್ಲಿತ್ತು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಬೋಲ್ಟುಗಳೇನೋ ಸರಿಯಾಗಿ ಕೂತಿದ್ದವು, ಪ್ಯಾಡೂ ಕೂತಿತ್ತು. ಗಾಳಿ ಯಾವಾಗಲೂ ಮೇಲೇರುತ್ತದೆ, ನಿಪ್ಪಲ್ ಕೆಳಗಿದ್ದರೆ ಮೇಲಿನ ಮೂಲೆಯಲ್ಲಿ ಕೂತ ಗುಳ್ಳೆಗೆ ಬಾಗಿಲೇ ಇರುವುದಿಲ್ಲ. ಅದಲುಬದಲು ಮಾಡಿ ಏರ್ ತೆಗೆದ ಮೇಲೆ ಪೆಡಲ್ ಎತ್ತರದಲ್ಲಿ ನಿಂತಿತು. ಯಾರಾದರೂ ನಿನ್ನ ಕ್ಯಾಲಿಪರ್ ಬಿಚ್ಚಿದ್ದೇ ಆದರೆ ಮೊದಲು ನೋಡಬೇಕಾದ್ದು ನಿಪ್ಪಲ್ ಎಲ್ಲಿದೆ ಅನ್ನುವುದನ್ನು. ಅದು ತುತ್ತತುದಿಯಲ್ಲಿರಬೇಕು.

ನಿನ್ನ ಗಾಡಿ 2019ರ ಈಚಿನದು, ಎಬಿಎಸ್ ಇರುತ್ತದೆ. ಡಬ್ಬಿ ಪೂರ್ತಿ ಖಾಲಿಯಾಗಿದ್ದರೆ ಎಬಿಎಸ್ ಘಟಕದ ಒಳಗಿನ ಸಣ್ಣ ದಾರಿಗಳಲ್ಲೂ ಗಾಳಿ ಸೇರಬಹುದು. ಅದು ಕಾಲಿನಲ್ಲಿ ಒತ್ತಿ ತೆಗೆಯುವಂಥದ್ದಲ್ಲ. ಸ್ಕ್ಯಾನರ್ ಜೋಡಿಸಿ ಎಬಿಎಸ್ಸಿನ ಪಂಪು, ವಾಲ್ವುಗಳನ್ನು ಓಡಿಸುತ್ತಾ ಏರ್ ತೆಗೆಯಬೇಕು. ಮಾಮೂಲಿ ರೀತಿಯಲ್ಲಿ ಸರಿಯಾಗಿ ಮಾಡಿಯೂ ಪುಟಿಯುವುದು ಉಳಿದರೆ ಮಾತ್ರ ಸ್ಕ್ಯಾನರ್ ಇರುವ ಕಡೆ ಹೋಗು. ಅಲ್ಲಿಗೂ ಓಡಿಸಿಕೊಂಡು ಹೋಗಬೇಡ, ಟೋ ಮಾಡಿಸು.

ಮೂರನೆಯದು ಮೆಲ್ಲಗೆ ಇಳಿಯುವ ಪೆಡಲ್. ಇಂಜಿನ್ ಓಡುತ್ತಿರಲಿ, ಸಿಗ್ನಲ್ಲಿನಲ್ಲಿ ನಿಂತಾಗ ಒತ್ತುವಷ್ಟೇ ಒತ್ತಿ ಅರ್ಧ ನಿಮಿಷ ಹಿಡಿ. ಇಳಿಯುತ್ತಾ ಹೋದರೆ ಆಯಿಲ್ ಎಲ್ಲೋ ಜಾರುತ್ತಿದೆ. ಹೊರಗೆ ಜಾರಿದರೆ ಕಾಣುತ್ತದೆ. ಚಕ್ರದ ಒಳಮೈ ಒದ್ದೆ, ಪೈಪಿನ ಜೋಡಣೆ ಒದ್ದೆ, ಡಬ್ಬಿಯಲ್ಲಿ ಮಟ್ಟ ಕೆಳಗೆ. ನಿನ್ನ ಗಾಡಿಯಲ್ಲಿ ಮೊದಲ ಅನುಮಾನ ಹೊಸ ವೀಲ್ ಸಿಲಿಂಡರಿಗೆ ಪೈಪ್ ಸೇರುವ ಜಾಗದ ಮೇಲೆ. ಕ್ಯಾಲಿಪರಿನ ಹೋಸ್ ಬಿಚ್ಚಿದ್ದರೆ ಅದರ ತಾಮ್ರದ ವಾಷರ್ ಹಳೆಯದೇ ಹಾಕಿದ್ದಾರಾ ಕೇಳು, ಒಮ್ಮೆ ಅಮುಕಿದ ವಾಷರ್ ಮತ್ತೆ ಸರಿಯಾಗಿ ಕೂರುವುದಿಲ್ಲ. ಎಲ್ಲಿಯೂ ಒದ್ದೆಯಿಲ್ಲ, ಮಟ್ಟವೂ ಇಳಿದಿಲ್ಲ, ಆದರೂ ಪೆಡಲ್ ಇಳಿಯುತ್ತಿದೆ ಅಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ. ಮಟ್ಟ ಇಳಿದಿದ್ದೂ ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಹಿಂಬದಿಯಿಂದ ಬೂಸ್ಟರಿನ ಒಳಗೇ ಸೋರುತ್ತಿರಬಹುದು.

ಕೆಡುವುದಕ್ಕೂ ಒಂದು ದಾರಿ ಇದೆ ಅಂದೆನಲ್ಲ. ದಿನನಿತ್ಯ ಓಡಿಸುವಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೊದಲರ್ಧದಲ್ಲೇ ಓಡಾಡಿಕೊಂಡಿರುತ್ತದೆ. ವರ್ಷಗಟ್ಟಲೆ ಮುಟ್ಟದ ಕೊನೆಯ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ತಾಗುವ ತನಕ ಒತ್ತಿದರೆ ರಬ್ಬರಿನ ತುಟಿ ಆ ಒರಟು ಜಾಗದಲ್ಲಿ ಉಜ್ಜಿ ಹರಿಯುತ್ತದೆ. ಹಳೆಯ ಗಾಡಿಯ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡು ಏರ್ ತೆಗೆಯುವುದು ಅದಕ್ಕೇ. ಒಂದಿಂಚಿನ ರೀಪು ಸಾಕು, ಸಾವಿರಾರು ರೂಪಾಯಿ ಉಳಿಯುತ್ತದೆ.

ಆಯಿಲ್ ವಿಷಯದಲ್ಲಿ ಮಾತ್ರ ಯಾರ ದಾಕ್ಷಿಣ್ಯಕ್ಕೂ ಬೀಳಬೇಡ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿಸು. ಡಾಟ್ 5 ಅನ್ನುವುದು ಸಿಲಿಕೋನ್ ಆಯಿಲ್, ಜಾತಿಯೇ ಬೇರೆ. ಸೀಲ್ ಒಡೆಯದ ಬಾಟಲಿ ನಿನ್ನ ಕಣ್ಣೆದುರು ತೆರೆಯಲಿ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಕಪಾಟಿನಲ್ಲಿ ಹೋದ ವರ್ಷದಿಂದ ಅರ್ಧ ಉಳಿದಿರುವ ಬಾಟಲಿ ಬೇಡವೇ ಬೇಡ. ಕ್ಲಚ್ಚಿಗೂ ಇದೇ ಡಬ್ಬಿಯಿಂದ ಆಯಿಲ್ ಹೋಗುವ ಗಾಡಿಗಳಿವೆ, ಬ್ರೇಕ್ ಕೆಲಸದ ನಂತರ ಕ್ಲಚ್ಚೂ ಮೆತ್ತಗಾಗಿದ್ದರೆ ಡಬ್ಬಿ ಖಾಲಿಯಾಗಿತ್ತು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಅಪ್ಪಿತಪ್ಪಿ ಇಂಜಿನ್ ಆಯಿಲೋ ಸ್ಟೇರಿಂಗ್ ಆಯಿಲೋ ಬ್ರೇಕ್ ಡಬ್ಬಿಗೆ ಬಿದ್ದಿದ್ದರೆ ಒಳಗಿನ ರಬ್ಬರೆಲ್ಲ ಊದಿಕೊಳ್ಳುತ್ತದೆ, ಬರೀ ತೊಳೆದರೆ ಸಾಲದು, ರಬ್ಬರ್ ಇರುವ ಭಾಗಗಳನ್ನೆಲ್ಲ ಬದಲಿಸಬೇಕು. ವೀಲ್ ಸಿಲಿಂಡರನ್ನು ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುವ ಚಾಳಿಯೂ ಕೆಲವರಿಗಿದೆ. ಅದೂ ರಬ್ಬರಿಗೆ ವಿಷವೇ.

ಹಳೇ ಆಯಿಲ್ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದರೆ ಈ ಸಲವೇ ಪೂರ್ತಿ ಬದಲಿಸಿಬಿಡು. ಹೊಸ ಡಾಟ್ 4 ಕುದಿಯಬೇಕಾದರೆ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ 155 ಡಿಗ್ರಿ ಇದ್ದರೂ ಸಾಕು ಅನ್ನುತ್ತದೆ ಅದರ ಮಾನದಂಡ. ನೀನು ಊರಿಗೆ ಬರುವುದೆಂದರೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯಲೇಬೇಕು. ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಹೊರಟಾಗ ಗಟ್ಟಿಯಿದ್ದ ಪೆಡಲ್ ಅರ್ಧ ಘಾಟಿ ಇಳಿಯುವಷ್ಟರಲ್ಲಿ ಹತ್ತಿಯಾಗುವುದು ಹೀಗೆಯೇ. ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಇಳಿದರೆ ಕ್ಯಾಲಿಪರ್ ಕಾದು, ಒಳಗಿನ ತೇವ ಆವಿಯಾಗಿ ಗಾಳಿಯ ಕೆಲಸವನ್ನೇ ಮಾಡುತ್ತದೆ. ಗಾಡಿ ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿ, ತೋರಿಸಲು ಹೋದರೆ ಮೆಕ್ಯಾನಿಕ್ಕಿಗೆ ಏನೂ ಕಾಣುವುದಿಲ್ಲ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿ ಮಾರಾಯ್ತಿ, ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಉಬ್ಬಿದ ರಬ್ಬರ್ ಹೋಸು, ಗ್ರೀಸು ಒಣಗಿ ಹಿಡಿದುಕೊಂಡ ಕ್ಯಾಲಿಪರ್ ಪಿನ್ನು, ಓರೆಯಾಗಿ ಕೂತ ಪ್ಯಾಡು, ಇವೂ ಪೆಡಲನ್ನು ಮೆತ್ತಗೆ ಮಾಡುತ್ತವೆ. ಮೇಲಿನ ಮೂರೂ ಅಲ್ಲ ಅಂತಾದ ಮೇಲೆ ಇವನ್ನು ನೋಡಲು ಹೇಳು.

ನಾಳೆ ಗ್ಯಾರೇಜಿನವರನ್ನು ಮನೆಗೇ ಕರೆಸು. ಜಗಳ ಬೇಡ. ಅವರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ, ಇಂಜಿನ್ ಆಫ್ ಇರುವಾಗ ಒಮ್ಮೆ, ಹ್ಯಾಂಡ್ ಬ್ರೇಕ್ ಎಳೆದು ಒಮ್ಮೆ ಒತ್ತಲು ಹೇಳು. ತಮ್ಮ ಕಾಲಿಗೇ ಗೊತ್ತಾದ ಮೇಲೆ ‘ಓಡಿಸ್ತಾ ಸರಿಹೋಗುತ್ತೆ’ ಅನ್ನಲು ಬಾಯಿ ಬರುವುದಿಲ್ಲ. ಏನು ಮಾಡಿದರು ಅಂತ ಬಿಲ್ಲಿನಲ್ಲಿ ಬರೆಸಿಕೋ, ಮುಂದಿನ ಸಲ ಹುಡುಕುವವರಿಗೆ ಅನುಕೂಲ.

ಕೆಲಸ ಮುಗಿದ ಮೇಲೆ ಗಾಡಿ ಅಲುಗುವ ಮೊದಲೇ ಪೆಡಲ್ ಒತ್ತಿ ನೋಡು. ಪ್ಯಾಡ್ ಬದಲಿಸುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ, ಮೊದಲ ಒಂದೆರಡು ಒತ್ತಿಗೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಅದು ಗೊತ್ತಾಗುವುದು ಬೇಡ. ಮೊದಲು ಸಮತಟ್ಟಾದ ಖಾಲಿ ಜಾಗದಲ್ಲಿ ನಡಿಗೆಯ ವೇಗ, ಆಮೇಲೆ ಇಪ್ಪತ್ತು, ಆಮೇಲೆ ನಲವತ್ತು. ಪ್ರತಿ ಸಲವೂ ಪೆಡಲ್ ಅದೇ ಎತ್ತರದಲ್ಲಿ ನಿಲ್ಲಬೇಕು, ಗಾಡಿ ಯಾವ ಪಕ್ಕಕ್ಕೂ ಎಳೆಯಬಾರದು. ಡಬ್ಬಿಯಲ್ಲಿ ಆಯಿಲ್ ಎಲ್ಲಿಯವರೆಗಿದೆ ಅಂತ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೋ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಫೋಟೋ ಜೊತೆ ಹೋಲಿಸು, ನಾಲ್ಕೂ ಚಕ್ರದ ಒಳಮೈಯನ್ನು ಟಾರ್ಚ್ ಬಿಟ್ಟು ನೋಡು. ಮಟ್ಟ ಇಳಿದಿಲ್ಲ, ಒದ್ದೆಯೂ ಇಲ್ಲ ಅಂದರೆ ಮಕ್ಕಳನ್ನು ಕೂರಿಸಿಕೊಂಡು ಹೊರಡು. ಇಳಿದಿದ್ದರೆ ರಾತ್ರಿ ಬಸ್ಸಿಗೆ ಸೀಟ್ ಬುಕ್ ಮಾಡು, ಬೆಳಿಗ್ಗೆ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.